ಸೀಲು ಒಡೆಯದ ಪ್ರತಿ

ಕಂತು ಒಂಬತ್ತು: ನೀಲಿ ಅಂಟು

"ಸಹಿ ಹಾಕಿಬಿಡಮ್ಮ. ಎಲ್ಲರೂ ಊಟಕ್ಕೆ ಎದ್ದು ಹೋಗೋಣ," ಎನ್ನುತ್ತ ಪತ್ತೇದಾರಿ ಪುಸ್ತಕ ಸಂಗ್ರಾಹಕರ ಸಂಘದ ಅಧ್ಯಕ್ಷರು ಪೆನ್ನನ್ನು ಮೇಜಿನ ಮೇಲೆ ಅವಳ ಕಡೆಗೆ ಉರುಳಿಸಿದರು.

ಅದು ಉರುಳಿಕೊಂಡು ಬಂದು, ಮೇಜಿನ ಅಂಚು ದಾಟಿ, ಕೆಳಗೆ ಬೀಳುವವರೆಗೂ ಬೈಂಡರಮ್ಮ ಸುಮ್ಮನೆ ನೋಡಿದಳು. ಬಗ್ಗಿ ಎತ್ತಿಕೊಳ್ಳಲಿಲ್ಲ. ಅವಳ ಕುರ್ಚಿಯ ಹಿಂದೆ ನಿಂತಿದ್ದ ಸೋದರಮಾವನೇ ಬಗ್ಗಿ ಎತ್ತಿ, ಅಂಗಿಗೆ ಒರೆಸಿ, ಅವಳ ಮುಂದಿಟ್ಟ.

"ಹಾಕಿಬಿಡು ಪುಟ್ಟಿ," ಎಂದು ಕಿವಿಯ ಹತ್ತಿರ ಪಿಸುಗುಟ್ಟಿದ. "ಪೊಲೀಸು ಗಿಲೀಸು ಅಂತ ಹೋದ್ರೆ ನಮ್ಮಂಥೋರ ಗತಿ ಏನು? ಇಲ್ಲೇ ಮುಗಿದು ಹೋಗ್ಲಿ."

ನಲವತ್ತೆಂಟು ವರ್ಷದ ಹೆಂಗಸನ್ನು ಪುಟ್ಟಿ ಎಂದು ಕರೆಯುವ ಹಕ್ಕು ಈ ಲೋಕದಲ್ಲಿ ಉಳಿದಿದ್ದುದು ಅವನೊಬ್ಬನಿಗೆ. ಅವಳಿಗೆ ಸೈಕಲ್ ಕಲಿಸಿದವನು, ಅಮ್ಮ ತೀರಿಕೊಂಡಾಗ ವಾರಗಟ್ಟಲೆ ಅಡಿಗೆ ಮಾಡಿ ಹಾಕಿದವನು, ಈಗ ಅವಳ ವರ್ಕ್‌ಶಾಪಿನಲ್ಲಿ ರಟ್ಟು ಕತ್ತರಿಸಿಕೊಂಡು ಇರುವವನು. ಅವನ ಮಾತಿಗೆ ಅವಳು ಎಂದೂ ಎದುರಾಡಿದವಳಲ್ಲ.

"ಹಾಕಲ್ಲ ಮಾವ," ಎಂದಳು. ಸಭೆಯ ಕೊನೆಯ ಸಾಲಿಗೂ ಕೇಳುವ ಹಾಗೇ ಎಂದಳು.

ಮುಂದಿದ್ದ ಹಾಳೆಯಲ್ಲಿ ಟೈಪು ಮಾಡಿದ್ದು ಆರೇ ಸಾಲು. 'ರಿಪೇರಿಗೆಂದು ಕೊಟ್ಟ ಪುಸ್ತಕದ ಅಸಲಿ ಹಾಳೆಗಳನ್ನು ಕದ್ದು, ಆ ಜಾಗಕ್ಕೆ ನಕಲಿ ಹಾಳೆ ಸೇರಿಸಿ, ಮತ್ತೆ ಸೀಲು ಅಂಟಿಸಿದವಳು ನಾನೇ' ಎಂದು ಶುರುವಾಗಿ, 'ಇನ್ನು ಮುಂದೆ ಯಾರ ಪುಸ್ತಕವನ್ನೂ ಮುಟ್ಟುವುದಿಲ್ಲ' ಎಂದು ಮುಗಿಯುತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಅವಳ ಅಪ್ಪ ಇಂಥದ್ದೇ ಹಾಳೆಗೆ ಸಹಿ ಹಾಕಿದ್ದ. ಆಗಲೂ ಪುಸ್ತಕದಲ್ಲಿ ಸಿಕ್ಕ ಸಾಕ್ಷಿ ಅವನದೇ ನೀಲಿ ಅಂಟು. ಮನೆಗೆ ಬಂದವನು ಹೊಲಿಗೆಯ ಸೂಜಿಗಳನ್ನೆಲ್ಲ ಡಬ್ಬಿಯಲ್ಲಿ ಹಾಕಿ ಮುಚ್ಚಿದ. ಆಮೇಲೆ ಬದುಕಿದ್ದ ಮೂರು ವರ್ಷ ಆ ಡಬ್ಬಿ ಮುಟ್ಟಲಿಲ್ಲ, ಯಾಕೆ ಸಹಿ ಹಾಕಿದೆ ಎಂದು ಮಗಳು ಕೇಳಿದಾಗಲೆಲ್ಲ ಗೋಡೆ ನೋಡುತ್ತ ಕೂತ. ಕಳ್ಳ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಅವನನ್ನು ಹೇಡಿ ಎಂದುಕೊಂಡಳು. ಆ ಸಿಟ್ಟು ಅಪ್ಪ ಸತ್ತ ಮೇಲೂ ಆರಿರಲಿಲ್ಲ.

ಡಬ್ಬಿ ತೆರೆದವಳು ಅವಳು. ಕಳ್ಳನ ಮಗಳು ಎಂದು ಮೂಗು ಮುರಿದವರೇ ಒಬ್ಬೊಬ್ಬರಾಗಿ ಬಾಗಿಲಿಗೆ ಬರುವಂತೆ ಕೆಲಸ ಮಾಡಿ ತೋರಿಸಲು ಅವಳಿಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು. ಆರು ಸಾಲಿಗೆ ಅದನ್ನೆಲ್ಲ ಬಿಟ್ಟುಕೊಡುವುದೇ?

ಸಂಘದ ಹಾಲು ಇದ್ದದ್ದು ಛತ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಭಾನುವಾರ ಬೆಳಿಗ್ಗೆ ಹನ್ನೊಂದೂವರೆಯ ಬಿಸಿಲು ಗಾಜಿನ ಬೀರುಗಳ ಮೇಲೆ ಬಿದ್ದಿತ್ತು. ಬೀರುಗಳ ತುಂಬ ಹಳೆಯ ಪತ್ತೇದಾರಿ ಕಾದಂಬರಿಗಳು, ಎಲ್ಲವೂ ಮೊದಲ ಮುದ್ರಣ, ಒಂದೊಂದಕ್ಕೂ ಪ್ಲಾಸ್ಟಿಕ್ ಅಂಗಿ. ಸಂಘದ ಸದಸ್ಯರು ಇಪ್ಪತ್ತೆರಡು ಮಂದಿ. ನಾನೂರು ಕಾದಂಬರಿಗಳ ಕೊಲೆಗಾರರನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವರು. ತಮ್ಮ ಪಕ್ಕದಲ್ಲಿ ಕೂತವನ ಮೇಲೆ ಮಾತ್ರ ಅವರಿಗೆ ಎಂದೂ ಅನುಮಾನ ಬಂದದ್ದಿಲ್ಲ.

ಅಧ್ಯಕ್ಷರು ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿ ನಿವೃತ್ತರಾದವರು. ಯಾರನ್ನು ನೋಡಿದರೂ ಟಿಕೆಟ್ ಇಲ್ಲದೆ ಹತ್ತಿದವರನ್ನು ನೋಡಿದ ಹಾಗೇ ನೋಡುತ್ತಿದ್ದರು. ಆದರೂ ಮನಸ್ಸು ಕೆಟ್ಟದ್ದಲ್ಲ.

"ಹಠ ಮಾಡಬೇಡಮ್ಮ," ಎಂದರು. "ನಮ್ಮ ಪರೀಕ್ಷಕರು ನಕಲಿ ಅಂದಮೇಲೆ ಮುಗೀತು. ಮೂವತ್ತು ವರ್ಷದಲ್ಲಿ ಅವರ ಮಾತು ಒಂದು ಸಲವೂ ಸುಳ್ಳಾಗಿಲ್ಲ."

"ಅವರ ಮಾತನ್ನ ಪರೀಕ್ಷೆ ಮಾಡಿದವರು ಯಾರಾದ್ರೂ ಇದ್ದಾರಾ?"

ಹಾಲಿನಲ್ಲಿ ಯಾರೋ ಕೆಮ್ಮಿದರು.

ಅವಳೆದುರಿಗೆ ಮೇಜಿನ ಆಚೆ ಕೂತಿದ್ದ ಸಂಘದ ಪರೀಕ್ಷಕನಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟಿದ್ದ ಹೆಸರು ಭೂತಗನ್ನಡಿ. ಎದುರಿಗೆ ಕರೆದರೂ ಅವನಿಗೆ ಬೇಸರವಿರಲಿಲ್ಲ, ಒಳಗೊಳಗೇ ಖುಷಿ. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿ, ಕೈಗೆ ಬಿಳಿ ಕೈಗವಸು. ಪುಸ್ತಕವನ್ನು ಎತ್ತಿಕೊಳ್ಳುವಾಗ ಮಾತ್ರ ಅವನ ಮುಖ ಮೆತ್ತಗಾಗುತ್ತಿತ್ತು. ಮನುಷ್ಯರ ಮುಂದೆ ಅದು ಮತ್ತೆ ಬಿಗಿದುಕೊಳ್ಳುತ್ತಿತ್ತು.

"ಇನ್ನೊಂದು ಸಲ ತೋರಿಸ್ತೀನಿ, ನೋಡು," ಎಂದ ಭೂತಗನ್ನಡಿ. "ಹೊರಗಿನ ರಟ್ಟು ಅಸಲಿ. ಒಪ್ಪಿದೆ. ಅಂಗಿ ಅಸಲಿ, ಆಳು ನಕಲಿ. ಒಳಗಿನ ಹಾಳೆಯೆಲ್ಲ ಆಮೇಲಿನ ಮುದ್ರಣದ್ದು. ಇಲ್ಲಿ, ಸೀಲಿನ ಅಂಚಲ್ಲಿ, ಇದೇನು?"

ಎಲ್ಲರೂ ಕತ್ತು ಚಾಚಿದರು. ಆ ಕಾದಂಬರಿಯ ಹೆಸರು 'ಮೂರನೆಯ ಕೈಗವಸು'. ಅಚ್ಚಾದ ಕಾಲಕ್ಕೆ ಪ್ರಕಾಶಕರು ಕೊನೆಯ ಎರಡು ಅಧ್ಯಾಯಗಳ ಸುತ್ತ ತೆಳುವಾದ ಗುಲಾಬಿ ಕಾಗದದ ಪಟ್ಟಿ ಸುತ್ತಿ ಸೀಲು ಮಾಡಿ ಮಾರಿದ್ದರು. 'ಇಲ್ಲಿಗೆ ನಿಲ್ಲಿಸಬಲ್ಲಿರಾ? ಸೀಲು ಒಡೆಯದೆ ತಂದುಕೊಟ್ಟರೆ ಹಣ ವಾಪಸು' ಎಂದು ಆ ಪಟ್ಟಿಯ ಮೇಲೇ ಅಚ್ಚು ಹಾಕಿದ್ದರು. ಕೊಲೆಗಾರ ಯಾರೆಂದು ತಿಳಿಯದೆ ನಿಲ್ಲಿಸುವಷ್ಟು ಗಟ್ಟಿಗರು ಯಾರಿದ್ದಾರೆ? ಕೊಂಡವರೆಲ್ಲ ಒಡೆದರು. ಸೀಲು ಒಡೆಯದೆ ಉಳಿದದ್ದು ಒಂದೇ ಒಂದು ಪ್ರತಿ.

ಆ ಪ್ರತಿ ಮೇಜಿನ ಮೇಲಿತ್ತು. ಗುಲಾಬಿ ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ.

"ಅಂಟಿಗೆ ಮೈಲುತುತ್ತ ಹಾಕೋದು ಊರಲ್ಲಿ ಎಷ್ಟು ಜನ?" ಎಂದು ಕೇಳಿದ ಭೂತಗನ್ನಡಿ.

"ನಾನೊಬ್ಬಳೇ," ಎಂದಳು ಅವಳು. "ಹುಳು ಹತ್ತಬಾರದು ಅಂತ ಅಪ್ಪ ಹಾಕ್ತಿದ್ರು. ನಾನೂ ಹಾಕ್ತೀನಿ. ನನ್ನ ಉಗುರು ನೋಡಿ, ನೀಲಿ. ಮುಚ್ಚಿಟ್ಟುಕೊಳ್ಳೋ ವಿಷಯ ಅಲ್ಲ ಇದು."

"ಮತ್ತೆ?"

"ಮತ್ತೆ ಏನಿಲ್ಲ. ಪುಸ್ತಕ ನನ್ನ ಹತ್ರ ಇದ್ದಿದ್ದು ಒಂಬತ್ತು ದಿನ. ಎರಡು ದಿನ ಧೂಳು ತೆಗೆದೆ. ಮೂರನೇ ದಿನ ಮುಂದಿನ ರಟ್ಟು ಬಿಚ್ಚಿದೆ, ಆರನೇ ದಿನದ ತನಕ ಹೊಲಿಗೆ. ಏಳನೇ ದಿನ ಅಂಟು ಹಾಕಿದ್ದು ಮುಂದಿನ ರಟ್ಟಿನ ಮಡಿಕೆಗೆ ಮಾತ್ರ. ಸೀಲು ಇರೋದು ಹಿಂದೆ. ಆ ಕಡೆ ನಾನು ಬೆರಳೂ ಇಟ್ಟಿಲ್ಲ. ಎಂಟನೇ ದಿನ ಪ್ರೆಸ್ಸಿನಡಿ ಒಣಗೋಕೆ ಬಿಟ್ಟು, ಬಟ್ಟೆ ತರೋಕೆ ಪೇಟೆಗೆ ಹೋದೆ..."

"ಅದೆಲ್ಲ ಯಾಕೆ ಪುಟ್ಟಿ ಈಗ," ಎಂದ ಮಾವ ಹಿಂದಿನಿಂದ.

"ಇರು ಮಾವ. ಒಂಬತ್ತನೇ ದಿನ ಡಾಕ್ಟರಮ್ಮನ ಕೈಗೆ ಕೊಟ್ಟೆ. ಇಷ್ಟೇ."

ಹಲ್ಲಿನ ಡಾಕ್ಟರಮ್ಮ ಕಿಟಕಿಯ ಪಕ್ಕ ಕೂತು ಎರಡೂ ಕೈಗಳನ್ನು ಊರುಗೋಲಿನ ಮೇಲಿಟ್ಟುಕೊಂಡಿದ್ದರು. ಪುಸ್ತಕದ ಒಡತಿ. ಎಪ್ಪತ್ತನಾಲ್ಕು ವರ್ಷ. ಅರ್ಧ ಊರಿನ ಹಲ್ಲು ಕಿತ್ತ ಕೈ, ಈಗ ಸ್ವಲ್ಪ ನಡುಗುತ್ತಿತ್ತು. ನಲವತ್ತು ವರ್ಷದಿಂದ ಆ ಪುಸ್ತಕ ಅವರ ಹತ್ತಿರ ಇತ್ತು, ನಲವತ್ತು ವರ್ಷದಿಂದ ಅದರ ಕೊನೆ ಅವರು ಓದಿರಲಿಲ್ಲ. ಬೆಳಿಗ್ಗೆಯಿಂದ ಅವರು ಒಂದು ಮಾತೂ ಆಡಿರಲಿಲ್ಲ. ಬೈಂಡರಮ್ಮನಿಗೆ ಎಲ್ಲಕ್ಕಿಂತ ನೋವಾಗಿದ್ದು ಅದು.

"ಕಥೆ ಚೆನ್ನಾಗಿದೆ," ಎಂದ ಭೂತಗನ್ನಡಿ. "ಸಾಕ್ಷಿ?"

"ಸಾಕ್ಷಿ ಇದೆ. ಅದು ಸತ್ತು ನೂರು ವರ್ಷ ಆಗಿರಬಹುದು, ಆದ್ರೂ ಸುಳ್ಳು ಹೇಳಲ್ಲ."

ಅವಳು ಎದ್ದು ನಿಂತಳು. ಕೊರಳಪಟ್ಟಿಯಲ್ಲಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಉದ್ದನೆಯ ಸೂಜಿಯನ್ನು ಎಳೆದುಕೊಂಡಳು. ಪುಸ್ತಕದ ಮುಂದಿನ ರಟ್ಟಿನ ಕೆಳಮೂಲೆಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ತೂತೊಂದಿತ್ತು.

"ಹುಳು," ಎಂದಳು. "ರಟ್ಟಿನಿಂದ ಶುರು ಮಾಡಿ ಒಳಗೆ ತಿಂದ್ಕೊಂಡು ಹೋಗಿದೆ. ರಿಪೇರಿಗೆ ತಗೊಂಡ ದಿನವೇ ಇದನ್ನ ಬರೆದಿಟ್ಟಿದ್ದೀನಿ. ಒಳಗಿನ ಹಾಳೆ ಬದಲಾಗಿದ್ರೆ ರಟ್ಟಿನ ತೂತು ರಟ್ಟಲ್ಲೇ ನಿಲ್ಲಬೇಕು. ಅಲ್ವಾ?"

ಮುಂದಿನ ಸಾಲಿನವರು ಎದ್ದು ಮೇಜಿನ ಸುತ್ತ ನಿಂತರು.

ಅವಳು ಸೂಜಿಯನ್ನು ತೂತಿನಲ್ಲಿಟ್ಟು ಕೈ ಬಿಟ್ಟಳು. ಒತ್ತಲಿಲ್ಲ. ಅದು ತನ್ನ ಭಾರಕ್ಕೇ ಜಾರಿ ಒಳಗಿಳಿಯಿತು. ನಂತರ ಒಂದೊಂದೇ ಹಾಳೆ ಸರಿಸುತ್ತ ಹೋದಳು. ಅರವತ್ತೆರಡನೆಯ ಪುಟದಲ್ಲಿ ಸೂಜಿಯ ತುದಿ ಕಾಣಿಸಿಕೊಂಡಿತು. ಅರವತ್ತಮೂರನೆಯ ಪುಟದಲ್ಲಿ ಏನೂ ಇಲ್ಲ. ಹುಳುವಿಗೆ ಅಲ್ಲಿಗೆ ಹೊಟ್ಟೆ ತುಂಬಿತ್ತೋ, ಆಯಸ್ಸು ಮುಗಿದಿತ್ತೋ.

"ರಟ್ಟೂ ಹಾಳೆಯೂ ಒಟ್ಟಿಗೇ ಮುದಿಯಾದವು," ಎಂದಳು ಬೈಂಡರಮ್ಮ. "ಈ ಪುಸ್ತಕ ಅಸಲಿ. ಹೊರಗೂ ಅಸಲಿ, ಒಳಗೂ ಅಸಲಿ. ನಾನು ಕದ್ದಿಲ್ಲ, ಯಾಕಂದ್ರೆ ಕಳುವೇ ಆಗಿಲ್ಲ."

ಗುಸುಗುಸು ಎದ್ದಿತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಗಳಿಗೆ ಅವಳಿಗೆ ಗೆದ್ದೆ ಅನ್ನಿಸಿತು.

ಭೂತಗನ್ನಡಿ ನಕ್ಕ. ಜೋರಾಗಿ ಅಲ್ಲ, ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿದವರನ್ನು ನೋಡಿ ಮೇಷ್ಟ್ರು ನಗುವಷ್ಟು.

"ಇವಳ ಕಸುಬು ಏನು ಸ್ವಾಮಿ?" ಎಂದು ಎಲ್ಲರನ್ನೂ ಕೇಳಿದ. "ಹಾಳೆ ಜೋಡಿಸಿ ತೂತು ಮಾಡಿ ಹೊಲಿಯೋದು. ನಕಲಿ ಹಾಳೆ ಸೇರಿಸಿದವಳಿಗೆ ಒಂದು ತೂತು ಕೊರೆಯೋದು ಕಷ್ಟವಾ? ನಮ್ಮ ಕಿವಿ ಮೇಲೆ ಹೂ ಇಡೋಕೆ ಬರ್ತಿದ್ದಾಳೆ."

ಗುಸುಗುಸು ಅವನ ಕಡೆಗೆ ತಿರುಗಿತು. ಜನ ಮತ್ತೆ ಕುರ್ಚಿಗಳಿಗೆ ಹೋಗಿ ಕೂತರು. ಅವಳು ಸೂಜಿಯನ್ನು ಎಳೆದು ಮತ್ತೆ ಕೊರಳಪಟ್ಟಿಗೆ ಸಿಕ್ಕಿಸಿಕೊಂಡಳು.

"ಅಧ್ಯಕ್ಷರೇ," ಎಂದ ಭೂತಗನ್ನಡಿ, "ಸಹಿ ಹಾಕೋದು ಬಿಡೋದು ಅವಳಿಷ್ಟ. ನಮ್ಮ ನಿಯಮ ನಾವು ಪಾಲಿಸೋಣ. ನಕಲಿಗೆ ಕಪ್ಪು ಮೊಹರು ಒತ್ತಿ ನನಗೆ ಕೊಡಿ. ಎಂದಿನ ಹಾಗೆ ರದ್ದಿ ಗಿರಣಿಗೆ ಹಾಕಿಸಿ ಬರ್ತೀನಿ."

ಮೇಜಿನ ಕೆಳಗಿನಿಂದ ಒಂದು ಬಟ್ಟೆಯ ಚೀಲ ತೆಗೆದ. ಆಗ ಬೈಂಡರಮ್ಮ ಆ ಚೀಲವನ್ನು ಸರಿಯಾಗಿ ನೋಡಿದಳು.

ರದ್ದಿಗೆ ಹೋಗುವ ಪುಸ್ತಕಕ್ಕೆ ಗೋಣಿ ಸಾಕು. ಈ ಚೀಲದ ಒಳಗೆ ಮೆತ್ತನೆಯ ಫ್ಲಾನಲ್ ಬಟ್ಟೆ ಹೊಲಿದಿತ್ತು. ಅಂಚಿನಲ್ಲಿ ತುಕ್ಕು ಹಿಡಿಯದ ಗುಂಡಿ. ಅವಳು ತನ್ನ ಗಿರಾಕಿಗಳ ಅತಿ ಬೆಲೆಬಾಳುವ ಪುಸ್ತಕಗಳಿಗೆ ಹೊಲಿದುಕೊಡುತ್ತಿದ್ದ ಚೀಲ ಕೂಡ ಇಷ್ಟು ಚೆನ್ನಾಗಿರಲಿಲ್ಲ.

ಅವಳ ತಲೆಯಲ್ಲಿ ಬಿಡಿ ತುಣುಕುಗಳು ಒಂದಕ್ಕೊಂದು ಕೂಡಿಕೊಂಡವು.

"ಈ ತನಕ ಎಷ್ಟು ಪುಸ್ತಕ ನಕಲಿ ಅಂತ ರದ್ದಿಗೆ ಹೋಗಿದೆ?" ಎಂದು ಕೇಳಿದಳು.

ಅಧ್ಯಕ್ಷರು ರಿಜಿಸ್ಟರ್ ತಿರುವಿದರು. "ಏಳು. ನಿಮ್ಮ ತಂದೆಯವರ ಕಾಲದ್ದೂ ಸೇರಿ."

"ಆ ಏಳೂ ಗಿರಣಿಯಲ್ಲಿ ರುಬ್ಬಿದ್ದನ್ನ ಕಣ್ಣಾರೆ ನೋಡಿದವರು ಯಾರು?"

ಇಪ್ಪತ್ತೆರಡು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪತ್ತೇದಾರಿ ಕಾದಂಬರಿ ಓದಿ ಓದಿ ಕಣ್ಣಿನ ನಂಬರು ಏರಿಸಿಕೊಂಡವರಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ.

"ಏನು ಹೇಳ್ತಾ ಇದ್ದೀಯ ನೀನು?" ಭೂತಗನ್ನಡಿಯ ಧ್ವನಿ ಗಡುಸಾಯಿತು.

"ಏನೂ ಹೇಳ್ತಿಲ್ಲ. ನಿಮ್ಮ ಮಾತನ್ನೇ ಒಪ್ಪಿಕೊಳ್ತಿದ್ದೀನಿ. ಇದು ನಕಲಿ. ಆಯ್ತು. ಗಿರಣಿಗೆ ಹೋಗಿ ರುಬ್ಬಿಸ್ಕೊಳ್ಳೋ ಪುಸ್ತಕ. ಅಲ್ವಾ?"

"ಹೌದು."

"ಹಾಗಾದ್ರೆ ಸೀಲು ಒಡೆದು ನೋಡೋಣ."

ಅಧ್ಯಕ್ಷರ ಮೇಜಿನ ಮೇಲೆ ಟಪಾಲು ಬಿಚ್ಚುವ ಹಿತ್ತಾಳೆಯ ಚೂರಿ ಇತ್ತು. ಅವಳು ಅದನ್ನು ಎತ್ತಿಕೊಂಡಳು. ಹಾಲಿನಲ್ಲಿ ಉಸಿರು ಎಳೆದುಕೊಂಡ ಸದ್ದು ಒಟ್ಟಿಗೇ ಕೇಳಿತು. ನಕಲಿ ಎಂದು ಒಪ್ಪಿದವರಿಗೂ ಸೀಲು ಎಂದರೆ ಸೀಲೇ.

"ಡಾಕ್ಟರಮ್ಮ, ಪುಸ್ತಕ ನಿಮ್ಮದು," ಎಂದಳು. "ನೀವು ಬೇಡ ಅಂದ್ರೆ ಚೂರಿ ಕೆಳಗಿಟ್ಟು ಹೋಗ್ತೀನಿ."

ಡಾಕ್ಟರಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿದರು.

"ನಲವತ್ತು ವರ್ಷ ಕಣೇ," ಎಂದರು. "ನಲವತ್ತು ವರ್ಷದಿಂದ ಆ ಮಾಲಿ ಕೊಂದನೋ ಆ ನಾದಿನಿ ಕೊಂದಳೋ ಅಂತ ತಲೆ ಕೆಡಿಸ್ಕೊಂಡಿದ್ದೀನಿ. ಒಡೆದ್ರೆ ಬೆಲೆ ಹೋಗುತ್ತೆ, ಮರ್ಯಾದೆ ಹೋಗುತ್ತೆ ಅಂತ ಈ ಜನ ಹೆದರಿಸಿ ಹೆದರಿಸಿ ಇಟ್ಟರು. ನಕಲಿಯಂತೆ! ಇನ್ನು ಯಾರ ಹಂಗು? ಕತ್ತರಿಸು. ಹಲ್ಲಿಗೆ ಇಕ್ಕಳ ಹಾಕಿದ ಮೇಲೆ ಅರ್ಧಕ್ಕೆ ಬಿಡಬಾರದು."

ಬೈಂಡರಮ್ಮ ಭೂತಗನ್ನಡಿಯ ಮುಖ ನೋಡುತ್ತಲೇ ಚೂರಿಯ ತುದಿಯನ್ನು ಗುಲಾಬಿ ಪಟ್ಟಿಯ ಕೆಳಗೆ ತೂರಿಸಿದಳು. ಇದು ಅಸಲಿ ಎಂದು ಅವಳಿಗೆ ಗೊತ್ತು. ಲೋಕದಲ್ಲಿ ಉಳಿದ ಒಂದೇ ಸೀಲನ್ನು ಬೈಂಡರ್ ಒಬ್ಬಳು ತನ್ನ ಕೈಯಾರೆ ಒಡೆಯುವುದೆಂದರೆ, ಡಾಕ್ಟರಮ್ಮ ಒಳ್ಳೆಯ ಹಲ್ಲನ್ನು ಕಿತ್ತ ಹಾಗೆ. ಅಪ್ಪ ಇದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ.

ಸಹಿ ಹಾಕಿದ ಅಪ್ಪ. ಅವನು ಬಾರಿಸಿದರೆ ಬಾರಿಸಲಿ.

ಚೂರಿ ಎಳೆದಳು. ಕಾಗದ ಚರ್ರೆಂದಿತು. ಅರ್ಧ ಇಂಚು.

"ಬೇಡ!"

ಕುರ್ಚಿ ಬಿದ್ದ ಸದ್ದು ಮೊದಲು ಕೇಳಿತು. ಭೂತಗನ್ನಡಿ ಮೇಜಿನ ಮೇಲೇ ಬಿದ್ದು ಎರಡೂ ಕೈಗಳಿಂದ ಅವಳ ಮಣಿಕಟ್ಟು ಹಿಡಿದುಕೊಂಡಿದ್ದ. ಕೊರಳ ಭೂತಗನ್ನಡಿ ಮೇಜಿಗೆ ಬಡಿದು ಬಿರುಕು ಬಿಟ್ಟಿತ್ತು. ಅವನ ಕಣ್ಣಲ್ಲಿ ನೀರು.

"ಒಡೀಬೇಡ! ಲೋಕದಲ್ಲಿ ಇರೋದು ಇದೊಂದೇ! ಇದೊಂದೇ ಕಣೇ, ಪಾಪಿ!"

ಕೆಳಗಿನ ಅಂಗಡಿಯಲ್ಲಿ ಯಾರೋ ಛತ್ರಿ ಬಿಚ್ಚಿ ಮಡಚಿ ನೋಡುತ್ತಿದ್ದದ್ದು ಕೇಳಿಸುತ್ತಿತ್ತು.

"ಇದೊಂದೇ," ಎಂದಳು ಬೈಂಡರಮ್ಮ, ನಿಧಾನವಾಗಿ. "ಯಾವುದು? ನಕಲಿಯಾ?"

ತಾನು ಆಡಿದ್ದೇನು ಎಂದು ಭೂತಗನ್ನಡಿಗೆ ಆಗ ತಿಳಿಯಿತು. ಕೈಗಳನ್ನು ಬಿಟ್ಟ. ಬಿಳಿ ಕೈಗವಸಿನ ತುಂಬ ಅವಳ ಬೆರಳಿನ ನೀಲಿ ಹತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಕೂತು ಸೀಲು ಒಡೆಯುವುದನ್ನು ನೋಡುತ್ತಿದ್ದರು, ಸುಳ್ಳೂ ಉಳಿಯುತ್ತಿತ್ತು. ಆದರೆ ಅವನು ಪುಸ್ತಕ ಪ್ರೀತಿಸುವವನು. ಪ್ರೀತಿಯನ್ನು ಹೊಟ್ಟೆಯಲ್ಲಿ ಅಡಗಿಸಿಕೊಳ್ಳಲು ಅವನಿಂದ ಆಗಲಿಲ್ಲ.

ಅಧ್ಯಕ್ಷರು ಎದ್ದು ನಿಂತರು. ನಲವತ್ತು ವರ್ಷ ಜನರ ಜೇಬು ತಡಕಿಸಿದ ಮನುಷ್ಯ ಈಗ ತನ್ನ ಸ್ನೇಹಿತನನ್ನು ಅದೇ ಕಣ್ಣಿಂದ ನೋಡಿದರು.

"ಏಳು ಪುಸ್ತಕ," ಎಂದರು. "ಎಲ್ಲಿವೆ?"

ಭೂತಗನ್ನಡಿ ಮೇಜಿನಿಂದ ಎದ್ದು, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅದರ ಮೇಲೆ ಕೂತ.

ಬೈಂಡರಮ್ಮ ಆರು ಸಾಲಿನ ಹಾಳೆಯನ್ನು ಎತ್ತಿಕೊಂಡಳು. ಎರಡು ತುಂಡು ಮಾಡಿದಳು, ನಾಲ್ಕು ಮಾಡಿದಳು, ಎಂಟು ಮಾಡಿದಳು. ಹಾಳೆ ಮಡಚುವುದು ಅವಳ ಕಸುಬು, ಹರಿಯುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿರಲಿಲ್ಲ. ತುಂಡುಗಳನ್ನು ಆ ಫ್ಲಾನಲ್ ಚೀಲದೊಳಗೆ ಸುರಿದಳು.

"ಇದನ್ನ ರುಬ್ಬಿಸ್ಕೊಂಡು ಬನ್ನಿ," ಎಂದಳು. "ಅಪ್ಪನ ಹಾಳೆಯೂ ರಿಜಿಸ್ಟರಲ್ಲಿ ಇರಬೇಕಲ್ಲ ಅಧ್ಯಕ್ಷರೇ, ಅದನ್ನೂ ತೆಗೀರಿ. ಇವತ್ತೇ ಹರೀಬೇಕು."

ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಸೇರಿಕೊಂಡರು. ಅಧ್ಯಕ್ಷರು ನಿಜವಾಗಿಯೂ ಹಳೆಯ ರಿಜಿಸ್ಟರಿಗಾಗಿ ಬೀರುವಿನ ಬೀಗ ತೆಗೆಯತೊಡಗಿದರು.

"ಒಂದ್ನಿಮಿಷ," ಎಂದರು ಡಾಕ್ಟರಮ್ಮ.

ಅವರು ಊರುಗೋಲು ಊರಿಕೊಂಡು ಮೇಜಿನ ಹತ್ತಿರ ಬಂದಿದ್ದರು. ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, ಬಾಯಲ್ಲಿ ಹುಳುಕು ಹುಡುಕುವವರಂತೆ ಓರೆಯಾಗಿ ನೋಡಿದರು.

"ಪುಸ್ತಕ ಅಸಲಿ. ಸಂತೋಷ. ಆದ್ರೆ ಈ ನೀಲಿ ಅಂಟು ಇಲ್ಲಿಗೆ ಬಂದಿದ್ದು ಹೇಗೆ?"

"ಅವರೇ ಹಚ್ಚಿರ್ತಾರೆ," ಎಂದಳು ಬೈಂಡರಮ್ಮ, ಭೂತಗನ್ನಡಿಯ ಕಡೆ ಬೆರಳು ತೋರಿಸಿ. ಬೆಳಿಗ್ಗೆಯಿಂದ ಅವಳು ಹಾಗೇ ಅಂದುಕೊಂಡಿದ್ದಳು.

"ಯಾವಾಗ ಹಚ್ಚಿದ? ನೀನು ನನ್ನ ಕೈಗೆ ಕೊಟ್ಟೆ. ನಾನು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕ್ದೆ. ಇವತ್ತು ಬೆಳಿಗ್ಗೆ ನಾನೇ ತಂದು ಈ ಮೇಜಿನ ಮೇಲಿಟ್ಟೆ. ಅವನು ಮುಟ್ಟಿದ್ದು ಇಷ್ಟು ಜನರ ಮುಂದೆ. ಆಗಲೇ ಇದು ಒಣಗಿ ಗಟ್ಟಿಯಾಗಿತ್ತು." ಡಾಕ್ಟರಮ್ಮ ಪುಸ್ತಕ ಕೆಳಗಿಟ್ಟರು. "ಇದು ಹತ್ತಿದ್ದು ನಿನ್ನ ವರ್ಕ್‌ಶಾಪಿನಲ್ಲೇ ಕಣೇ."

ಬೈಂಡರಮ್ಮ ಬೆರಳಿನ ಮೇಲೆ ದಿನ ಎಣಿಸಿದಳು.

ಎಂಟನೆಯ ದಿನ. ಬಟ್ಟೆ ತರಲು ಪೇಟೆಗೆ ಹೋಗಿ ಸಾಯಂಕಾಲ ಬಂದಾಗ ಸ್ಟವ್ ಮೇಲೆ ಅಂಟಿನ ಪಾತ್ರೆ ಇನ್ನೂ ಬಿಸಿಯಾಗಿತ್ತು. ಅಂಟಿನ ಕೆಲಸ ಹಿಂದಿನ ದಿನವೇ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿದ್ದಳು. ಕೇಳಿದ್ದಕ್ಕೆ, 'ಶಾಲೆಯವರ ಭೂಪಟ ಹರಿದಿತ್ತು, ಅಂಟಿಸಿಕೊಟ್ಟೆ' ಎಂದಿದ್ದ ಮಾವ. ಅವಳು ಕೈ ತೊಳೆದುಕೊಂಡು ಊಟಕ್ಕೆ ಕೂತಿದ್ದಳು.

ವರ್ಕ್‌ಶಾಪಿಗೆ ಇದ್ದದ್ದು ಎರಡು ಬೀಗದ ಕೈ.

ಅವಳು ತಿರುಗಿ ನೋಡಿದಳು. ಕುರ್ಚಿಯ ಹಿಂದೆ ಯಾರೂ ಇರಲಿಲ್ಲ. ಮಾವ ಹಾಲಿನ ತುದಿಯಲ್ಲಿ, ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಅಷ್ಟು ದೂರದಿಂದಲೂ ಹೆಬ್ಬೆರಳ ಉಗುರಿನ ನೀಲಿ ಕಾಣುತ್ತಿತ್ತು. ಅವನು ಅವಳನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ದಣಿವಿತ್ತು.

"ಅದಕ್ಕೇ ಹೇಳಿದ್ನಲ್ಲ ಪುಟ್ಟಿ," ಎಂದ. "ಸಹಿ ಹಾಕು ಅಂತ."

ಅದು ಬೇರೆಯವರಿಗೆ ಕೇಳಿಸಿತೋ ಇಲ್ಲವೋ. ಎಲ್ಲರೂ ಬೀರುವಿನ ಸುತ್ತ ನೆರೆದಿದ್ದರು. ಡಾಕ್ಟರಮ್ಮ ಮಾತ್ರ ಅವಳ ಉತ್ತರಕ್ಕೆ ಕಾಯುತ್ತ ನಿಂತಿದ್ದರು.

ಭೂತಗನ್ನಡಿಗೆ ಕೇಳಿಸಿತ್ತು. ಬಿರುಕು ಬಿಟ್ಟ ಗಾಜನ್ನು ಕೈಗವಸಿನಿಂದ ಒರೆಸುತ್ತ, ತಲೆ ಎತ್ತದೆ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಮಾತಾಡಿದ.

"ನಿಮ್ಮಪ್ಪನೂ ಇದೇ ಜಾಗದಲ್ಲಿ ನಿಂತಿದ್ದ. ನಿನಗಿಂತ ಜೋರಾಗಿ ಕೂಗಾಡ್ತಿದ್ದ. ಆಮೇಲೆ ತಿರುಗಿ ಅದೇ ಬಾಗಿಲ ಕಡೆ ನೋಡಿದ. ಅದೇ ಮನುಷ್ಯ ಅಲ್ಲಿ ನಿಂತಿದ್ದ. ಹೆಂಡತಿಯ ತಮ್ಮ, ಒಬ್ಬನೇ ತಮ್ಮ." ಮೇಜಿನ ಮೇಲಿದ್ದ ಪೆನ್ನನ್ನು ಒಂದು ಬೆರಳಿನಿಂದ ಅವಳ ಕಡೆಗೆ ಸರಿಸಿದ. "ನಾವ್ಯಾರೂ ಒತ್ತಾಯ ಮಾಡ್ಲಿಲ್ಲ. ತಾನೇ ಪೆನ್ನು ಕೇಳಿದ."

ಇಪ್ಪತ್ತೆರಡು ವರ್ಷ ಅವಳು ಅಪ್ಪನನ್ನು ಹೇಡಿ ಎಂದಿದ್ದಳು. ಎದುರಿಗೇ ಅಂದಿದ್ದಳು. ಅವನು ಗೋಡೆ ನೋಡುತ್ತ ಕೂತಿದ್ದ. ಪಕ್ಕದ ಕೋಣೆಯಲ್ಲಿ ಮಾವ ಅಡಿಗೆ ಮಾಡುತ್ತಿದ್ದ.

"ಯಾರೇ ಅದು?" ಎಂದು ಡಾಕ್ಟರಮ್ಮ ಮತ್ತೆ ಕೇಳಿದರು. "ಯಾರು ಹಚ್ಚಿದ್ದು? ನಿನಗೆ ಗೊತ್ತಾಯ್ತು. ಮುಖದಲ್ಲೇ ಇದೆ."

ಅಧ್ಯಕ್ಷರು ಹಳೆಯ ರಿಜಿಸ್ಟರ್ ಹಿಡಿದುಕೊಂಡು ತಿರುಗಿದರು. ಅವರ ಹಿಂದೆ ಎಲ್ಲರೂ ತಿರುಗಿದರು. ಬಾಗಿಲಲ್ಲಿ ಚಿಲಕ ಸರಿದ ಸದ್ದಾಯಿತು. ಬಿಸಿಲಿನ ಒಂದು ಪಟ್ಟಿ ಒಳಗೆ ಬಂತು.

ಬೈಂಡರಮ್ಮ ಪೆನ್ನನ್ನು ಎತ್ತಿಕೊಂಡಳು. ಭೂತಗನ್ನಡಿಯ ತುಟಿಯಲ್ಲಿ ನಗು ಮೂಡಲು ಹೊರಟಿತ್ತು. ಅವಳು ಪೆನ್ನಿನ ಮುಚ್ಚಳ ಹಾಕಿ, ಅವನ ಅಂಗಿಯ ಜೇಬಿಗೇ ಸಿಕ್ಕಿಸಿದಳು.

"ಮಾವ," ಎಂದಳು. "ಬಾಗಿಲು ಹಾಕಿ ಒಳಗೆ ಬಾ."